ಹುಚ್ಚೂ ಹದವೂ

ಕಳೆದ ವರ್ಷದ ಆಷಾಢದಲ್ಲಿ ಒಂದು ದಿನ, ಮಧ್ಯಾಹ್ನದ ತರಗತಿಗಳು ಮುಗಿದ ಮೇಲೆ, ಬಿ.ಎ. ಎರಡನೆಯ ವರ್ಷದ ಹುಡುಗನೊಬ್ಬನು ನನ್ನ ಮೇಜಿನ ಮುಂದೆ ಬಂದು ನಿಂತನು. ಹೋಳೂರಿನ ಕಡೆಯ ಹಳ್ಳಿಯವನು. ಕೈಯಲ್ಲಿ ಇನ್ನೂರು ಪುಟದ ಒಂದು ನೋಟುಪುಸ್ತಕ; ಕೈಬೆವರಿಗೆ ಅದರ ರಟ್ಟು ಮೆತ್ತಗಾಗಿತ್ತು. ಪುಸ್ತಕವನ್ನು ಮೇಜಿನ ಮೇಲಿಟ್ಟು, ನಾನು ಏನೆಂದು ಕೇಳುವ ಮೊದಲೇ, ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ ಅವನು ಹೇಳಿದನು: "ಪದ್ಯ ಬರೆದಿದ್ದೀನಿ ಸಾರ್. ನಮ್ಮ ಮನೇಲಿ ಯಾರೂ ಕನ್ನಡ ಮಾತಾಡೋದಿಲ್ಲ. ಭಾಷೆ ನಮ್ಮದಲ್ಲ. ಹುಚ್ಚು ಮಾತ್ರ ಇದೆ."

ಈ ಮಾತು ನನ್ನನ್ನು ಹಲವು ದಿನ ಬಿಡಲಿಲ್ಲ. ಹುಚ್ಚೊಂದಿದ್ದರೆ ಸಾಕೆ? ಇಲ್ಲದಿದ್ದರೆ ಉಳಿದುದೆಲ್ಲ ಇದ್ದೂ ಪ್ರಯೋಜನವುಂಟೆ? ಒಂದು ಕಲೆಯಲ್ಲಿ ಕೈ ಪಳಗುವುದಕ್ಕೆ ಒಲವಿನ ಪಾಲೆಷ್ಟು, ದುಡಿಮೆಯ ಪಾಲೆಷ್ಟು? ಇಪ್ಪತ್ತು ವರ್ಷ ಕಾವ್ಯವನ್ನು ಪಾಠ ಹೇಳಿದವನು ಇಂತಹ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಬಲ್ಲವನಾಗಿರಬೇಕು. ನಾನು ಕೊಡಲಾರದೆ ಹೋದೆ. ಈ ಬರಹ ಆ ಉತ್ತರದ ಪ್ರಯತ್ನ.

ಈ ವಿಷಯದಲ್ಲಿ ಲೋಕದಲ್ಲಿ ಎರಡು ಮತಗಳು ಪ್ರಚಲಿತವಾಗಿವೆ. ಕಲಾವಿದನಾದವನಿಗೆ ಉನ್ಮಾದವೇ ಮುಖ್ಯ, ಅದು ಇದ್ದರೆ ಉಳಿದುದು ತಾನಾಗಿ ಒದಗುತ್ತದೆ ಎನ್ನುವುದು ಒಂದು. ಉನ್ಮಾದವೆಂಬುದು ಸೋಮಾರಿಗಳ ಸಬೂಬು, ಬೆಳಗಿನಿಂದ ಸಂಜೆಯವರೆಗೆ ಕುಳಿತು ಕೆಲಸಮಾಡುವವನೇ ಕಲಾವಿದ ಎನ್ನುವುದು ಇನ್ನೊಂದು. ಮೊದಲನೆಯ ಮತ ತರುಣರಿಗೆ ಪ್ರಿಯ, ಎರಡನೆಯದು ಅಧ್ಯಾಪಕರಿಗೆ. ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲನೆಯದನ್ನು ನಂಬಿದ್ದೆ, ಕೆಲಸಕ್ಕೆ ಸೇರಿದ ಮೇಲೆ ಎರಡನೆಯದನ್ನು ಬೋಧಿಸಿದೆ. ಎರಡೂ ಅರೆ ನಿಜವೆಂದು ಈಗ ತೋರುತ್ತಿದೆ.

ನಮ್ಮ ಆಲಂಕಾರಿಕರು ಕಾವ್ಯದ ಹುಟ್ಟಿಗೆ ಕಾರಣವೇನೆಂದು ಬಹಳ ಹಿಂದೆಯೇ ವಿಚಾರಮಾಡಿದ್ದಾರೆ. ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ಮೂರನ್ನು ಹೇಳುತ್ತಾನೆ: ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರವನ್ನೂ ಕಾವ್ಯಗಳನ್ನೂ ಕಂಡು ಓದಿ ಪಡೆದ ನಿಪುಣತೆ, ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸ. ಹೀಗೆ ಮೂರನ್ನು ಎಣಿಸಿದರೂ ಅವನು 'ಕಾರಣಗಳು' ಎಂದು ಬಹುವಚನದಲ್ಲಿ ಹೇಳದೆ 'ಕಾರಣ' ಎಂದು ಏಕವಚನದಲ್ಲಿ ಹೇಳಿದ್ದಾನೆ. ಮೂರೂ ಕೂಡಿದರೆ ಮಾತ್ರ ಅದು ಕಾರಣ, ಬಿಡಿಬಿಡಿಯಾಗಿದ್ದರೆ ಅಲ್ಲ ಎಂಬುದು ಇದರ ಭಾವ. ತರಗತಿಯಲ್ಲಿ ಇದನ್ನು ನಾವು ವರ್ಷವರ್ಷವೂ ಹೇಳುತ್ತೇವೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ನಮಗೆ ಹಿಂದಿರುಗಿಸುತ್ತಾರೆ. ಆದರೆ ಮೂರನ್ನು ಒಂದಾಗಿಸುವುದು ಯಾವುದು ಎಂದು ನಾನು ಕೇಳಿಕೊಂಡಿರಲಿಲ್ಲ. ಶಕ್ತಿಯಿದ್ದವನು ಏಕೆ ಓದಬೇಕು? ಓದಿದವನು ಏಕೆ ತಿದ್ದಿ ತಿದ್ದಿ ಬರೆಯಬೇಕು? ಆ ಹುಡುಗನು ಹುಚ್ಚು ಎಂದು ಕರೆದ ವಸ್ತು ಮಮ್ಮಟನ ಪಟ್ಟಿಯಲ್ಲಿಲ್ಲ. ಹಾರದಲ್ಲಿ ದಾರವನ್ನು ಯಾರೂ ಎಣಿಸುವುದಿಲ್ಲವಷ್ಟೆ. ಅದೂ ಹಾಗೆಯೇ ಪಟ್ಟಿಯ ಹೊರಗೆ ಉಳಿದಿರಬೇಕು.

ದಂಡಿಯ ಮಾತು ಇನ್ನೂ ಉದಾರವಾದುದು. ಪೂರ್ವವಾಸನೆಯಿಂದ ಬಂದ ಪ್ರತಿಭೆ ಇಲ್ಲದಿದ್ದರೂ, ಓದಿನಿಂದಲೂ ಯತ್ನದಿಂದಲೂ ಉಪಾಸನೆ ಮಾಡಿದವನಿಗೆ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುತ್ತಾಳೆ ಎಂದು 'ಕಾವ್ಯಾದರ್ಶ'ದಲ್ಲಿ ಅವನು ಧೈರ್ಯ ಹೇಳುತ್ತಾನೆ. ಉಪಾಸನೆ ಎಂದರೆ ಬರಿಯ ದುಡಿಮೆಯಲ್ಲ; ಹತ್ತಿರ ಕುಳಿತಿರುವುದು. ಪ್ರೀತಿಯಿಲ್ಲದೆ ಯಾರೂ ಯಾರ ಹತ್ತಿರವೂ ಬಹಳ ಹೊತ್ತು ಕುಳಿತಿರಲಾರರು.

ಇನ್ನು 'ಭಾಷೆ ನಮ್ಮದಲ್ಲ' ಎಂಬ ಮಾತಿಗೆ ಬರೋಣ. ನಮ್ಮ ಜಿಲ್ಲೆಯನ್ನು ಬಲ್ಲವರಿಗೆ ಇದು ಹೊಸ ದೂರಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಆಚೆಗೆ ಆಂಧ್ರ. ಮಾಲೂರು, ಬಂಗಾರಪೇಟೆಗಳ ಆಚೆಗೆ ತಮಿಳುನಾಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಚಿನ್ನದ ಗಣಿಯ ಊರಿನಲ್ಲಿ ತಮಿಳು, ಪೇಟೆಯ ಓಣಿಯಲ್ಲಿ ಉರ್ದು. ಒಬ್ಬ ಹುಡುಗನು ಬೆಳಗಿನಿಂದ ರಾತ್ರಿಯೊಳಗೆ ಮೂರು ಭಾಷೆಗಳ ಹೊಸ್ತಿಲನ್ನು ದಾಟುತ್ತಾನೆ. ದಾಟುವುದು ಅವನಿಗೆ ಆಯಾಸವಲ್ಲ. ಆದರೆ ಬರೆಯಲು ಕುಳಿತಾಗ, ಯಾವ ಮನೆಯಲ್ಲಿಯೂ ತಾನು ಮನೆಯವನಲ್ಲವೆಂಬ ಅಳುಕು ಅವನನ್ನು ಹಿಡಿಯುತ್ತದೆ.

ಇಂತಹ ಅಳುಕಿಗೆ ಈ ನೆಲವೇ ಉತ್ತರ ಕೊಟ್ಟಿದೆ. ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಮನೆಮಾತು ಕನ್ನಡವಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು ೧೮೯೧ರಲ್ಲಿ. ಅವರ ಮನೆಮಾತು ತಮಿಳು. ಒಬ್ಬರು 'ಮಂಕುತಿಮ್ಮನ ಕಗ್ಗ'ವನ್ನು ಕನ್ನಡಿಗರ ನಾಲಗೆಯ ಮೇಲೆ ನಿಲ್ಲಿಸಿದರು. ಇನ್ನೊಬ್ಬರನ್ನು ನಾವು ಸಣ್ಣ ಕಥೆಯ ಜನಕರೆಂದು, 'ಕನ್ನಡದ ಆಸ್ತಿ' ಎಂದು ಕರೆದೆವು. ಜಿಲ್ಲೆಯ ಗಡಿಯನ್ನು ದಾಟಿ ನೋಡಿದರೆ ಮರಾಠಿಯ ಮನೆಯಿಂದ ಬಂದ ಬೇಂದ್ರೆಯವರಿದ್ದಾರೆ, ಮಂಜೇಶ್ವರದ ಕೊಂಕಣಿಯ ಮನೆಯಿಂದ ಬಂದ ಗೋವಿಂದ ಪೈಗಳಿದ್ದಾರೆ, ಮೇಲುಕೋಟೆಯ ತಮಿಳಿನ ಮನೆಯಿಂದ ಬಂದ ಪು.ತಿ.ನ. ಅವರಿದ್ದಾರೆ, ದೇವನಹಳ್ಳಿಯಲ್ಲಿ ಹುಟ್ಟಿದ, ಉರ್ದು ಮನೆಮಾತಿನ ನಿಸಾರ್ ಅಹಮದರಿದ್ದಾರೆ. ಸಾವಿರ ವರ್ಷ ಹಿಂದಕ್ಕೆ ಹೋದರೆ, ಆದಿಕವಿ ಪಂಪನ ಮನೆತನವೇ ವೆಂಗಿಯ ನಾಡಿನದು. ಅವನ ತಮ್ಮ ಜಿನವಲ್ಲಭನು ತೆಲುಗುನಾಡಿನ ಕುರಿಕ್ಯಾಲದ ಬೆಟ್ಟದಲ್ಲಿ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಪದ್ಯಗಳಿವೆ. ಹೊರನಾಡಿನ ನಿದರ್ಶನ ಬೇಕೆನ್ನುವವರಿಗೆ, ಇಪ್ಪತ್ತು ವರ್ಷ ದಾಟಿದ ಮೇಲೆ ಹಡಗಿನ ಕೆಲಸದಲ್ಲಿ ಇಂಗ್ಲಿಷನ್ನು ಕಲಿತು, ೧೮೯೫ರಲ್ಲಿ ತನ್ನ ಮೊದಲ ಕಾದಂಬರಿಯನ್ನು ಹೊರತಂದ ಪೋಲೆಂಡಿನ ಜೋಸೆಫ್ ಕಾನ್ರಾಡ್ ಇದ್ದಾನೆ.

ಹೆಸರುಗಳ ಈ ಮಾಲೆಯನ್ನು ನಾನು ಹೆಮ್ಮೆಗಾಗಿ ಪೋಣಿಸಲಿಲ್ಲ. ಇದರಿಂದ ತಿಳಿಯಬೇಕಾದುದು ಒಂದುಂಟು. ಹುಟ್ಟಿನಿಂದ ಬಂದ ಭಾಷೆಯನ್ನು ನಾವು ಉಸಿರಿನಂತೆ ಬಳಸುತ್ತೇವೆ. ಉಸಿರನ್ನು ಯಾರು ಗಮನಿಸುತ್ತಾರೆ? ಹೊರಗಿನಿಂದ ಬಂದು ಒಲಿದವನಾದರೋ ಪ್ರತಿಯೊಂದು ಮಾತನ್ನೂ ಕೈಗೆತ್ತಿಕೊಂಡು, ತಿರುಗಿಸಿ, ತೂಗಿ ನೋಡುತ್ತಾನೆ. ಮನೆಯ ಮಗ ನೋಡದ ತೊಲೆಯ ಕೆತ್ತನೆಯನ್ನು ಮನೆಗೆ ಬಂದ ಸೊಸೆ ನೋಡುತ್ತಾಳೆ. ಒಲವು ಮೊದಲು ಮಾಡುವ ಕೆಲಸ ಗಮನವನ್ನು ಹರಿತಗೊಳಿಸುವುದು. ಅದು ಉದ್ವೇಗವಲ್ಲ. ಉದ್ವೇಗ ಕಣ್ಣನ್ನು ಮಂಜಾಗಿಸುತ್ತದೆ. ಒಲವು ಕಣ್ಣನ್ನು ತೆರೆಸುತ್ತದೆ.

ಆದರೆ ಇಬ್ಬರ ಬಾಳನ್ನೂ ನೋಡಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿಯೇ ತೇರ್ಗಡೆಯಾಗಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದ ಅವರು ವೇದಾಂತವನ್ನೂ ರಾಜ್ಯಶಾಸ್ತ್ರವನ್ನೂ ಇಂಗ್ಲಿಷ್ ಸಾಹಿತ್ಯವನ್ನೂ ಬಲ್ಲವರ ಬಳಿಯಲ್ಲಿ ಕುಳಿತು, ಪುಸ್ತಕಗಳ ಮುಂದೆ ಕುಳಿತು ಕಲಿತುಕೊಂಡರು. 'ಕಗ್ಗ' ಹೊರಬಂದುದು ೧೯೪೩ರಲ್ಲಿ. ಆಗ ಅವರಿಗೆ ಐವತ್ತಾರು ವರ್ಷ. ೯೪೫ ಪದ್ಯಗಳು, ಒಂದೊಂದೂ ನಾಲ್ಕೇ ಸಾಲು. ಆ ಅಡಕ ಒಂದು ಮುಂಜಾನೆಯ ಸ್ಫೂರ್ತಿಯಿಂದ ಬಂದುದಲ್ಲ. ಅರ್ಧ ಶತಮಾನದ ಬಾಳು ಅದರ ಹಿಂದೆ ಇದೆ. ಅವರ 'ಅಂತಃಪುರಗೀತೆ'ಯನ್ನು ನೆನೆಯಿರಿ. ಬೇಲೂರಿನ ಗುಡಿಯ ಶಿಲಾಬಾಲಿಕೆಯರನ್ನು ಕುರಿತ ಹಾಡುಗಳು ಅವು. ಬೇಲೂರಿಗೆ ಹೋದವರೆಲ್ಲ ಆ ಮದನಿಕೆಯರನ್ನು ನೋಡುತ್ತಾರೆ, ಕತ್ತು ನೋಯುವವರೆಗೆ ನೋಡಿ ಇಳಿದುಬರುತ್ತಾರೆ. ಒಬ್ಬೊಬ್ಬಳ ನಿಲುವಿಗೂ ಭಾವಕ್ಕೂ ಒಂದೊಂದು ಹಾಡು ಬರೆಯಬೇಕಾದರೆ ಎಷ್ಟು ಹೊತ್ತು ನೋಡಿರಬೇಕು! ಆ ಹೊತ್ತೇ ನಾನು ಹೇಳುವ ಒಲವು.

ಮಾಸ್ತಿಯವರದು ಬೇರೆ ಬಗೆ. ಅವರು ಎಂ.ಎ. ಪದವೀಧರರು, ಮೈಸೂರು ಸಿವಿಲ್ ಸರ್ವೀಸಿನ ಅಧಿಕಾರಿಗಳು. ಮೊದಲ ಕಥೆ ೧೯೧೦ರ ವೇಳೆಯದು. ಕೊನೆಯ ಕೃತಿ ೧೯೮೫ರದು. ಮರುವರ್ಷ ಅವರು ತೀರಿಕೊಂಡರು. ಮುಕ್ಕಾಲು ಶತಮಾನ! ಇದರ ಮೊದಲ ಭಾಗವೆಲ್ಲ ಸರಕಾರಿ ಕಡತಗಳ ನಡುವೆ, ಊರೂರು ವರ್ಗವಾಗುತ್ತ ಕಳೆದುದು. ೧೯೪೩ರಲ್ಲಿ ಕೆಲಸವನ್ನು ಬಿಟ್ಟ ಮೇಲೆಯೂ ಅವರು ವಿರಮಿಸಲಿಲ್ಲ. ೧೯೪೪ರಿಂದ ೧೯೬೫ರವರೆಗೆ 'ಜೀವನ' ಪತ್ರಿಕೆಯನ್ನು ನಡೆಸಿದರು. 'ಚಿಕವೀರ ರಾಜೇಂದ್ರ' ಬಂದಾಗ ಅವರಿಗೆ ಅರವತ್ತೈದರ ವಯಸ್ಸು. ಅದಕ್ಕೆ ಜ್ಞಾನಪೀಠ ಪ್ರಶಸ್ತಿ ೧೯೮೩ರದು. ಮಾಸ್ತಿಯವರ ಬರಹದಲ್ಲಿ ಉನ್ಮಾದವನ್ನು ಹುಡುಕುವವನಿಗೆ ನಿರಾಶೆಯೇ ಸರಿ. ಅಲ್ಲಿ ದನಿ ಏರುವುದಿಲ್ಲ, ಮಾತು ಬೆವರುವುದಿಲ್ಲ. ಅದನ್ನು ಕಂಡು, ಇವರಲ್ಲಿ ಆವೇಶವಿಲ್ಲ ಎಂದವರೂ ಉಂಟು. ಎಪ್ಪತ್ತೈದು ವರ್ಷ ಒಂದು ದೀಪವನ್ನು ಆರದಂತೆ ಕಾಯ್ದವನಿಗೆ ಬೆಂಕಿಯ ಪರಿಚಯವಿಲ್ಲವೆಂದು ಹೇಳಿದಂತಾಯಿತು ಅದು. ಹುಚ್ಚು ಹದಕ್ಕೆ ಬಂದರೆ ಕಾಣುವುದು ಹೀಗೆಯೆ. ಪಾಕ ಹದಕ್ಕೆ ಬಂದಾಗ ಕೊತಕೊತ ಸದ್ದು ಅಡಗುತ್ತದೆ.

ಮಾತಿನ ಕಲೆಯನ್ನು ಬಿಟ್ಟು ಕಲ್ಲಿನ ಕಲೆಗೆ ಬಂದರೆ ಈ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಮಾಲೂರು ತಾಲ್ಲೂಕಿನಲ್ಲಿಯೇ ಶಿವಾರಪಟ್ಟಣವೆಂಬ ಊರಿದೆ, ಶಿಲ್ಪಿಗಳ ಊರು. ಬೀದಿಗೆ ಕಾಲಿಟ್ಟರೆ ಸಾಕು, ಚಾಣದ ಮೇಲೆ ಸುತ್ತಿಗೆ ಬೀಳುವ ಸದ್ದು ಕೇಳುತ್ತದೆ. ಮನೆಗಳ ಮುಂದೆ ಅರೆಮೂಡಿದ ಗಣಪತಿ, ಮುಖವಿನ್ನೂ ಮೂಡದ ಹನುಮಂತ, ಹೆಗಲವರೆಗೆ ಮಾತ್ರ ಕಲ್ಲಿನಿಂದ ಹೊರಬಂದ ದೇವಿ. ವಿದ್ಯಾರ್ಥಿಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗಿ ಹಿರಿಯ ಶಿಲ್ಪಿಯೊಬ್ಬರನ್ನು, "ನಿಮಗೆ ಸ್ಫೂರ್ತಿ ಯಾವಾಗ ಬರುತ್ತೆ ತಾತ?" ಎಂದು ಕೇಳಿದಳು. ಅವರು ಚಾಣದ ಮೊನೆಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತ, "ಇದು ಮೊಂಡಾಗಿದ್ರೆ ಯಾವತ್ತೂ ಬರಲ್ಲಮ್ಮ" ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಹುಡುಗನಾಗಿದ್ದಾಗ ತಾವು ಬಹಳ ಕಾಲ ಉಳಿಯ ಮೊನೆ ಹಿಡಿಯುವುದನ್ನು, ಕಲ್ಲಿನ ಮೈಯನ್ನು ಸಮಮಾಡುವುದನ್ನು ಬಿಟ್ಟು ಮತ್ತೇನನ್ನೂ ಮಾಡಿರಲಿಲ್ಲವೆಂದು ಹೇಳಿದರು. ಬೇಸರವಾಗುತ್ತಿರಲಿಲ್ಲವೆ ಎಂದು ಕೇಳಿದ್ದಕ್ಕೆ, "ಆಗ್ತಿತ್ತು. ಆದ್ರೆ ಕಲ್ಲು ಬಿಟ್ಟಿದ್ರೆ ಇನ್ನೂ ಬೇಸರ ಆಗ್ತಿತ್ತು" ಎಂದರು.

ಒಲವೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಯಾವ ಮೀಮಾಂಸೆಯಲ್ಲಿಯೂ ಓದಿಲ್ಲ. ಬೇಸರವೇ ಆಗದಿರುವುದು ಒಲವಲ್ಲ. ಬೇಸರವಾದರೂ ಬಿಡಲಾಗದಿರುವುದು ಒಲವು.

ತಾಳಮಾನದ ಲೆಕ್ಕವೂ ಅಷ್ಟೆ. ಮುಖದ ಅಳತೆಯನ್ನು ಮೂಲಮಾನವಾಗಿ ಇಟ್ಟುಕೊಂಡು ಇಡೀ ಮೂರ್ತಿಯನ್ನು ಭಾಗಮಾಡುವ ಆ ಶಾಸ್ತ್ರದಲ್ಲಿ ಶಿಲ್ಪಿಯ ಉದ್ವೇಗಕ್ಕೆ ಎಡೆಯಿಲ್ಲ. ಆದರೆ ಅದೇ ಲೆಕ್ಕದಲ್ಲಿ ಕೆತ್ತಿದ ಹತ್ತು ಮೂರ್ತಿಗಳಲ್ಲಿ ಒಂದು ನಿಮ್ಮನ್ನು ತಡೆದು ನಿಲ್ಲಿಸುತ್ತದೆ, ಒಂಬತ್ತು ನಿಲ್ಲಿಸುವುದಿಲ್ಲ. ಲೆಕ್ಕ ಒಂದೇ, ಕಲ್ಲು ಒಂದೇ. ಕಣ್ಣನ್ನು ಬಿಡಿಸುವುದನ್ನು ಶಿಲ್ಪಿ ಕೊನೆಗೆ ಇಟ್ಟುಕೊಳ್ಳುತ್ತಾನೆ. ಅಲ್ಲಿಯವರೆಗೆ ನಡೆದ ಕೆಲಸವೆಲ್ಲ ಆ ಒಂದು ಘಳಿಗೆಯಲ್ಲಿ ಕೈ ನಡುಗದಿರಲೆಂದು ಮಾಡಿಕೊಂಡ ಸಿದ್ಧತೆ.

ಒಲವಿಗೆ ಒಂದು ಅಪಾಯವೂ ಉಂಟು. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಮುಳಬಾಗಿಲಿನ ಬಳಿಯ ಕುರುಡುಮಲೆಗೆ ಹೋದವರು ಅಲ್ಲಿಯ ಸೋಮೇಶ್ವರ ದೇವಾಲಯದ ಬಗ್ಗೆ ಒಂದು ಕಥೆಯನ್ನು ಕೇಳಿರುತ್ತಾರೆ. ಗುಡಿಯ ಒಂದು ಅರ್ಧವನ್ನು ಜಕಣಾಚಾರಿಯೂ ಇನ್ನೊಂದು ಅರ್ಧವನ್ನು ಅವನ ಮಗ ಡಂಕಣನೂ ಕಟ್ಟಿದರಂತೆ. ಮಗನ ಕೆಲಸವೇ ಹೆಚ್ಚು ನವುರಾದುದಂತೆ. ಜಕಣಾಚಾರಿಯೆಂಬವನಿದ್ದನೆಂಬುದಕ್ಕೆ ಶಾಸನಗಳ ಬೆಂಬಲವಿಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಇರಲಿ. ಜನ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಲು ಅವನನ್ನು ಕಟ್ಟಿಕೊಂಡರು. ಬೇಲೂರಿನ ಕಥೆ ಎಲ್ಲರಿಗೂ ಗೊತ್ತು. ಶಿಲ್ಪದ ಹುಚ್ಚಿನಲ್ಲಿ ಹೆಂಡತಿಯನ್ನೂ ಹುಟ್ಟಲಿರುವ ಮಗುವನ್ನೂ ಮರೆತು ಹೊರಟವನು ಜಕಣ. ವರ್ಷಗಳ ಮೇಲೆ ಅಪರಿಚಿತ ಹುಡುಗನೊಬ್ಬ ಬಂದು, ಅವನು ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಇದ್ದರೆ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣನ ಪಂತ. ಮೂರ್ತಿಗೆ ಗಂಧವನ್ನು ಹಚ್ಚಿದರೆ ಎಲ್ಲ ಕಡೆಯೂ ಒಣಗುತ್ತದೆ, ಹೊಕ್ಕುಳ ಬಳಿ ಒಣಗುವುದಿಲ್ಲ. ಒಡೆದರೆ ಒಳಗೆ ಕಪ್ಪೆ.

ಈ ಕಥೆಯನ್ನು ನಾವು ಮಗನ ಜಾಣ್ಮೆಯ ಕಥೆಯೆಂದು ಓದುತ್ತೇವೆ. ನನಗೆ ಇದು ಹುಚ್ಚಿನ ಕುರುಡಿನ ಕಥೆಯಾಗಿ ಕಾಣುತ್ತದೆ. ಅಷ್ಟು ಒಲಿದವನಿಗೆ ತಾನು ಒಲಿದ ಕಲ್ಲಿನ ಒಳಗು ಕಾಣಲಿಲ್ಲ. ತನ್ನ ಕೃತಿಯ ಮೇಲಿನ ಮೋಹವು ಕಲೆಯ ಮೇಲಿನ ಒಲವನ್ನು ಮುಚ್ಚಿಹಾಕಿತು. ಇವೆರಡೂ ಒಂದೇ ಅಲ್ಲ. 'ನಾನು ಬರೆದ ಪದ್ಯ' ಎಂಬ ಮೋಹ ಬೇರೆ. 'ಪದ್ಯ' ಎಂಬುದರ ಮೇಲಿನ ಪ್ರೀತಿ ಬೇರೆ. ಎರಡನೆಯದು ಇದ್ದವನು ಮೊದಲನೆಯದನ್ನು ಹರಿದುಹಾಕಬಲ್ಲ. ಸಾಲೊಂದನ್ನು ಹೊಡೆದುಹಾಕಲು ಕೈ ಬಾರದವನು ಸಾಹಿತ್ಯವನ್ನು ಪ್ರೀತಿಸುತ್ತಿಲ್ಲ, ತನ್ನನ್ನು ಪ್ರೀತಿಸಿಕೊಳ್ಳುತ್ತಿದ್ದಾನೆ. ಈಗಂತೂ ಬರೆದ ಪದ್ಯದ ಮಸಿ ಆರುವ ಮೊದಲೇ ಕೈಯಲ್ಲಿನ ಫೋನಿನಲ್ಲಿ ನೂರು ಮೆಚ್ಚುಗೆಗಳು ಬಂದು ಬೀಳುತ್ತವೆ. ಗಂಧವನ್ನು ಹಚ್ಚಿ ಒಣಗುವವರೆಗೆ ಕಾಯುವ ವ್ಯವಧಾನ ಯಾರಿಗಿದೆ?

ಕಥೆಯ ಜಕಣನನ್ನು ಬಿಟ್ಟು, ಹೆಸರು ಕೆತ್ತಿಟ್ಟು ಹೋದ ನಿಜವಾದ ಶಿಲ್ಪಿಗಳ ಕಡೆಗೆ ನೋಡಿದರೆ ಬೇರೊಂದು ಚಿತ್ರ ದೊರೆಯುತ್ತದೆ. ಹೊಯ್ಸಳರ ಕಾಲದ ರೂವಾರಿ ಮಲ್ಲಿತಮ್ಮನ ಹೆಸರು ೧೧೯೬ರ ಅಮೃತಾಪುರದ ದೇಗುಲದಲ್ಲಿ ಕಾಣುತ್ತದೆ. ಹದಿಮೂರನೆಯ ಶತಮಾನದ ಉತ್ತರಾರ್ಧದ ಸೋಮನಾಥಪುರದಲ್ಲಿಯೂ ಕಾಣುತ್ತದೆ. ಇದು ಒಬ್ಬನೇ ಶಿಲ್ಪಿಯ ಆಯುಷ್ಯದ ದುಡಿಮೆಯೆಂದು ವಿದ್ವಾಂಸರು ಎಣಿಸುತ್ತಾರೆ. ಅವನ ಬಗ್ಗೆ ಕಣ್ಣೀರಿನ ಕಥೆಯಿಲ್ಲ, ಕೈ ಕಡಿದುಕೊಂಡ ಪಂತವಿಲ್ಲ. ಗುಡಿಯಿಂದ ಗುಡಿಗೆ ನಡೆದ ಒಂದು ಹೆಸರು ಮಾತ್ರ ಇದೆ. ಜನಕ್ಕೆ ಜಕಣ ಬೇಕು, ಏಕೆಂದರೆ ಹುಚ್ಚು ಕಥೆಯಾಗುತ್ತದೆ, ದುಡಿಮೆ ಕಥೆಯಾಗುವುದಿಲ್ಲ. ಕಲಿಯುವವನಿಗೆ ಬೇಕಾದವನು ಮಲ್ಲಿತಮ್ಮ.

ಇಲ್ಲಿಗೆ ಒಂದು ಆಕ್ಷೇಪವನ್ನು ಎದುರಿಸಬೇಕು. ಒಲವು ಎಂಬ ಮಾತು ಹೊಟ್ಟೆ ತುಂಬಿದವರ ಮಾತಲ್ಲವೆ? ಹಾಲು ಕರೆದು ಡೈರಿಗೆ ಹಾಕಿ, ಸೊಪ್ಪು ಕೊಯ್ದು ಹುಳುವಿಗೆ ಹಾಕಿ, ಏಳು ಗಂಟೆಯ ಬಸ್ಸು ಹಿಡಿದು ಕಾಲೇಜಿಗೆ ಬರುವ ಮಕ್ಕಳಿಗೆ ನಾವು ಕಲೆಯ ಹುಚ್ಚನ್ನು ಬೋಧಿಸಬಹುದೆ? ಕೆಲವು ಮೇಧಾವಿಗಳ ಕಷ್ಟದ ಬಾಳನ್ನು ತೋರಿಸಿ, 'ನಿಜವಾದ ಹಂಬಲವಿದ್ದರೆ ದಾರಿ ತಾನಾಗಿ ತೆರೆಯುತ್ತದೆ' ಎಂದು ಹೇಳುವುದು ಸುಲಭ. ಪುಸ್ತಕವಿಲ್ಲದ ಊರಿನಲ್ಲಿ, ಓದಿ ಹೇಳುವವರಿಲ್ಲದ ಮನೆಯಲ್ಲಿ ಹಂಬಲ ಎಷ್ಟು ದಿನ ಬದುಕೀತು? ಗ್ರಂಥಾಲಯಕ್ಕೆ ಬೀಗ ಹಾಕಿ, ಒಲವಿಲ್ಲವೆಂದು ಮಕ್ಕಳನ್ನು ದೂಷಿಸುವುದು ಅನ್ಯಾಯ. ಮಮ್ಮಟನು ಅಭ್ಯಾಸವೆಂದು ಸುಮ್ಮನೆ ಹೇಳಲಿಲ್ಲ. ಬಲ್ಲವರ ಶಿಕ್ಷಣದಲ್ಲಿ ಅಭ್ಯಾಸವೆಂದನು. ಬಲ್ಲವರು ಎದುರಿಗೆ ಕುಳಿತು ನೋಡಬೇಕು. ಕೋಲಾರದ ಬಳಿ ತೇರಹಳ್ಳಿಯ ಬೆಟ್ಟದ ಮೇಲೆ 'ಆದಿಮ' ಕೇಂದ್ರದವರು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕಗಳಿಗೆ ಜನರನ್ನು ಕೂಡಿಸಿದಾಗ, ಹಳ್ಳಿಯ ಎಷ್ಟೋ ಮಕ್ಕಳಿಗೆ ತಮ್ಮ ಹುಚ್ಚಿಗೆ ಜೊತೆಯುಂಟೆಂದು ತಿಳಿದಿರಬೇಕು. ಹುಚ್ಚು ಒಬ್ಬನಲ್ಲಿ ಹುಟ್ಟಬಹುದು. ಹದ ನಾಲ್ಕು ಜನರ ನಡುವೆಯೇ ಬರಬೇಕು.

ಇಷ್ಟನ್ನು ಬರೆಯುತ್ತಿರುವ ನಾನು ಈ ಧರ್ಮವನ್ನು ನಡೆಸಿದವನೆ? ಹೇಳಿಬಿಡುತ್ತೇನೆ. ಹನ್ನೆರಡು ವರ್ಷದ ಹಿಂದೆ ಇಂತಹುದೇ ಒಂದು ನೋಟುಪುಸ್ತಕವನ್ನು ಇನ್ನೊಬ್ಬ ವಿದ್ಯಾರ್ಥಿ ನನಗೆ ತಂದುಕೊಟ್ಟಿದ್ದನು. ನಾನು ಕೆಂಪು ಲೇಖನಿಯಿಂದ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿ, ತೆಲುಗಿನ ಮಾತುಗಳಿಗೆಲ್ಲ ಸುತ್ತು ಹಾಕಿ, "ಮೊದಲು ಕನ್ನಡ ಸರಿಯಾಗಿ ಕಲಿ. ಪದ್ಯ ಆಮೇಲೆ" ಎಂದು ಹಿಂದಕ್ಕೆ ಕೊಟ್ಟೆ. ಅವನು ಕನ್ನಡವನ್ನು ಸರಿಯಾಗಿಯೇ ಕಲಿತನು. ಒಳ್ಳೆಯ ಅಂಕಗಳನ್ನು ಪಡೆದನು. ಪದ್ಯವನ್ನು ಮತ್ತೆ ತರಲಿಲ್ಲ. ಈಚೆಗೆ ಬಸ್ಸಿನಲ್ಲಿ ಸಿಕ್ಕಿದ್ದನು. ಬರೆಯುತ್ತೀಯೇನಪ್ಪ ಎಂದು ಕೇಳಿದೆ. "ಅದೆಲ್ಲ ಆಗಲೇ ಬಿಟ್ಟೆ ಸಾರ್" ಎಂದು ನಕ್ಕನು. ಆ ನಗೆಯಲ್ಲಿ ನನ್ನ ಮೇಲೆ ಮುನಿಸಿರಲಿಲ್ಲ; ಅದೇ ನನಗೆ ಹೆಚ್ಚು ಚುಚ್ಚಿತು. ಹದವನ್ನು ಕಲಿಸುವ ಆತುರದಲ್ಲಿ ನಾನು ಹುಚ್ಚನ್ನು ಬಿಡಿಸಿದ್ದೆ. ಒಲೆಯನ್ನು ಆರಿಸಿ ಪಾಕಶಾಸ್ತ್ರವನ್ನು ಹೇಳಿದ್ದೆ.

ಹೋಳೂರಿನ ಹುಡುಗನ ಪುಸ್ತಕವನ್ನು ಆದುದರಿಂದ ನಾನು ನಿಧಾನವಾಗಿ ಓದಿದೆ. ಹೆಚ್ಚಿನವು ಎಲ್ಲರೂ ಬರೆಯುವಂತಹ ಪದ್ಯಗಳೇ: ಚಂದಿರ, ವಿರಹ, ತಾಯಿನಾಡು. ಆದರೆ ಒಂದು ಪದ್ಯದಲ್ಲಿ ಅವನ ತಾಯಿ ಇದ್ದಳು. ರೇಷ್ಮೆಹುಳುವಿನ ಮನೆಯಲ್ಲಿ, ನಡುರಾತ್ರಿಯಲ್ಲಿ, ಕೊನೆಯ ಹಂತದ ಹುಳುಗಳಿಗೆ ಸೊಪ್ಪು ಹಾಕುತ್ತ ಎಚ್ಚರವಾಗಿದ್ದಳು. ಆಕೆಗೆ 'ನಿದ್ದರ' ಇಲ್ಲವೆಂದು ಅವನು ಬರೆದಿದ್ದನು. ತೆಲುಗಿನ ಮನೆಮಾತು. ನನ್ನ ಕೈ ಅಭ್ಯಾಸಬಲದಿಂದ ಕೆಂಪು ಲೇಖನಿಯ ಕಡೆಗೆ ಹೋಯಿತು, ತಡೆದುಕೊಂಡೆ. ಅವನನ್ನು ಕರೆಸಿ, ಉಳಿದ ಪದ್ಯಗಳ ಸುದ್ದಿಯನ್ನೇ ಎತ್ತದೆ, "ಇದೊಂದನ್ನು ಮತ್ತೆ ಬರೆದು ತಾ. ಪ್ರತಿಯೊಂದು ಮಾತೂ ಅಲ್ಲಿ ಏಕಿದೆ ಎಂದು ನನಗೆ ಹೇಳಬೇಕು" ಎಂದೆ.

ಅವನು ಎರಡು ಸಲ ತಂದನು. ಆಮೇಲೆ ಎರಡು ತಿಂಗಳು ಮುಖ ಕಾಣಿಸಲಿಲ್ಲ. ಮತ್ತೊಬ್ಬನನ್ನು ಕಳೆದುಕೊಂಡೆನೆಂದು ಭಾವಿಸಿದೆ. ಒಂದು ದಿನ ಕಾರಿಡಾರಿನಲ್ಲಿ ಸಿಕ್ಕವನನ್ನು ಹಿಡಿದು ವಿಚಾರಿಸಿದರೆ, ತಲೆ ತಗ್ಗಿಸಿ, "ಏನೂ ಬರ್ತಾ ಇಲ್ಲ ಸಾರ್. ಜ್ವರಕ್ಕೆ ಕೂತಂಗೆ ಆಗಿದೆ" ಎಂದನು. ನನಗೆ ಅರ್ಥವಾಗಲಿಲ್ಲ. ಅವನೇ ವಿವರಿಸಿದನು. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಬೆಳೆಗಾರರು ಅದಕ್ಕೆ ಜ್ವರವೆನ್ನುತ್ತಾರೆ. ಆಗ ಹುಳು ತಲೆಯೆತ್ತಿ ಹಾಗೆಯೇ ಕುಳಿತುಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ, ಅಲುಗಾಡುವುದಿಲ್ಲ. ತಿಳಿಯದವನು ನೋಡಿದರೆ ಸತ್ತಿದೆ ಎಂದುಕೊಳ್ಳಬೇಕು. ತಿಳಿದವರು ಸೊಪ್ಪು ಹಾಕುವುದನ್ನು ನಿಲ್ಲಿಸಿ, ಮನೆಯನ್ನು ಗಾಳಿಯಾಡುವಂತೆ ಇಟ್ಟು, ಮುಟ್ಟದೆ ಕಾಯುತ್ತಾರೆ. ಜ್ವರದಿಂದ ಎದ್ದ ಹುಳು ಹಳೆಯ ಚರ್ಮವನ್ನು ಕಳಚಿ, ಮೊದಲಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲಂತೂ ಅದರ ಹಸಿವಿಗೆ ಮಿತಿಯಿಲ್ಲ. ಕೊನೆಗೆ ಹಣ್ಣಾಗಿ ಚಂದ್ರಿಕೆಗೆ ಏರುತ್ತದೆ.

ನಾನು ಹುಡುಕುತ್ತಿದ್ದ ಉತ್ತರವನ್ನು ಶಿಷ್ಯನೇ ಹೇಳಿದಂತಾಯಿತು. ಒಲವು ಸದಾ ಉರಿಯುವ ಜ್ವಾಲೆಯೆಂದು ನಾವು ಕಲ್ಪಿಸಿಕೊಂಡಿದ್ದೇವೆ. ಉರಿ ತಗ್ಗಿದೊಡನೆ, 'ನನ್ನಲ್ಲಿ ಅದಿಲ್ಲ' ಎಂದು ಎದ್ದುಹೋಗುತ್ತೇವೆ. ನಾನೂ ಇಪ್ಪತ್ತೈದರಲ್ಲಿ ಹಾಗೆಯೇ ಎದ್ದುಹೋದವನು. ಪ್ರತಿಭೆಯಿಲ್ಲವೆಂದು ವಿನಯದಿಂದ ಹೇಳಿಕೊಂಡೆ, ನಿಜವಾಗಿ ನನ್ನಲ್ಲಿ ಇಲ್ಲದಿದ್ದುದು ಕಾಯುವ ಪ್ರೀತಿ. ಕಲೆಯಲ್ಲಿ ಪಳಗುವವನಿಗೆ ಒಣಕಾಲ ತಪ್ಪದು, ಒಂದಲ್ಲ, ಹಲವು. ಹಳೆಯ ಚರ್ಮ ಬಿಗಿಯಾದಾಗ, ಹೊಸದು ಇನ್ನೂ ಬಾರದಿದ್ದಾಗ, ಹಸಿವೇ ಸತ್ತಂತಾಗುತ್ತದೆ. ತಟ್ಟೆಯನ್ನು ಬಿಟ್ಟು ಇಳಿದುಹೋಗದ ಹುಳು ಮಾತ್ರ ರೇಷ್ಮೆಯನ್ನು ಕೊಡುತ್ತದೆ.

ಕಾರ್ತಿಕ ಮುಗಿಯುವ ಹೊತ್ತಿಗೆ ಅವನು ಮತ್ತೆ ಬಂದನು. ಆ ಒಂದೇ ಪದ್ಯ, ಏಳು ಪ್ರತಿಗಳು. ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ನೋಡಿದೆ. ಮೊದಲ ಪ್ರತಿಯಲ್ಲಿ 'ನಿದ್ದರ' ಎಂದಿತ್ತು. ಎರಡನೆಯದರಲ್ಲಿ ನನಗೆ ಹೆದರಿ 'ನಿದ್ರೆ' ಎಂದು ಮಾಡಿದ್ದನು. ಐದನೆಯದರಲ್ಲಿ 'ನಿದ್ದೆ' ಆಗಿತ್ತು. ಏಳನೆಯದರಲ್ಲಿ ಮತ್ತೆ 'ನಿದ್ದರ'. ಏಕೆ ಎಂದು ಕೇಳಿದೆ. ಮೊದಲ ದಿನದ ತಗ್ಗಿದ ದನಿ ಈಗ ಇರಲಿಲ್ಲ. "ಪದ್ಯದ ಉಳಿದ ಮಾತೆಲ್ಲ ನಾನು ಆಡೋದು ಸಾರ್. ಆ ಮಾತೊಂದು ಅಮ್ಮ ಆಡೋದು. ಅಮ್ಮನ ಬಾಯಲ್ಲಿ ಅದು ಹಂಗೇ ಬರಬೇಕು" ಎಂದನು.

ಮೊದಲ ಪ್ರತಿಯಲ್ಲಿಯೂ ಅದೇ ಮಾತು, ಕೊನೆಯ ಪ್ರತಿಯಲ್ಲಿಯೂ ಅದೇ ಮಾತು. ಅಲ್ಲಿ ಅದು ತಿಳಿಯದೆ ಬಿದ್ದಿತ್ತು. ಇಲ್ಲಿ ಅದನ್ನು ಇಟ್ಟದ್ದಾಗಿತ್ತು. ನಾನು ಲೇಖನಿಯ ಮುಚ್ಚಳವನ್ನು ಹಾಕಿ ಪುಸ್ತಕವನ್ನು ಅವನಿಗೆ ಹಿಂದಕ್ಕೆ ಕೊಟ್ಟೆ. ಮುಂದಿನ ಪದ್ಯವನ್ನು ಯಾವಾಗ ತರುತ್ತೀಯೆ ಎಂದು ಮಾತ್ರ ಕೇಳಿದೆ.